ಮಳೆಗಾಲದಲ್ಲಿ ಮೊಲಕ್ಕೆ ಒಣ ಮೇವು ಎಲ್ಲಿಂದ?

ಪಾಣೆಮಂಗಳೂರು, ಮೆಲ್ಕಾರ್, ನಂದಾವರ ಕಡೆ ಮನೆಯಲ್ಲಿ ಮೊಲವೋ ಗಿನಿಯಿಲಿಯೋ ಸಾಕಿದವರಿಗೆ ಜೂನ್ ಬಂತೆಂದರೆ ಒಂದು ತಲೆಬಿಸಿ ಶುರು. ಹುಲ್ಲು ಬೇಕಾದಷ್ಟು ಉಂಟು. ನೇತ್ರಾವತಿ ದಡದಲ್ಲಿ, ಗದ್ದೆ ಬದುವಿನಲ್ಲಿ, ತೋಟದಲ್ಲಿ ಎಲ್ಲಿ ನೋಡಿದರೂ ಹಸಿರೇ. ಆದರೆ ಒಣಗಿದ ಹುಲ್ಲು ಎಲ್ಲೂ ಇಲ್ಲ. ಒದ್ದೆ ಹುಲ್ಲು ಹಾಕಿದರೆ ಹೊಟ್ಟೆ ಉಬ್ಬರ, ಹಾಕದಿದ್ದರೆ ಉಪವಾಸ. ಆನ್‌ಲೈನಿನಲ್ಲಿ ಟಿಮೊಥಿ ಹುಲ್ಲಿನ ಪ್ಯಾಕೆಟ್ ಸಿಗುತ್ತದೆ, ಆದರೆ ಅದು ಚಳಿ ದೇಶದ ಹುಲ್ಲು, ಹಡಗಿನಲ್ಲಿ ಬರಬೇಕು, ಬೆಲೆ ನೋಡಿದರೆ ಮೆಸ್ ಬಿಲ್ ನೆನಪಾಗುತ್ತದೆ. ಹಾಗಾದರೆ ನಮ್ಮ ಊರಿನ ಗಿಡ-ಹುಲ್ಲನ್ನೇ ಒಣಗಿಸಿ ಕೊಡಬಹುದಾ? ಕೊಡಬಹುದು. ಆದರೆ ಯಾವುದನ್ನು, ಹೇಗೆ ಒಣಗಿಸಿ ಎನ್ನುವುದರಲ್ಲಿ ಪ್ರಾಣಿಯ ಜೀವವೇ ನಿಂತಿದೆ.

ಮೊದಲು ಹೊಟ್ಟೆಯ ವಿಷಯ. ದನಕ್ಕೆ ನಾಲ್ಕು ಕೋಣೆಯ ಹೊಟ್ಟೆ, ಮೇವು ಅಲ್ಲೇ ಹುದುಗುತ್ತದೆ. ಮೊಲದ್ದು ಉಲ್ಟಾ ಡಿಸೈನ್. ಹೊಟ್ಟೆ ಸಾದಾ, ಹುದುಗುವ ಕೆಲಸ ಸಣ್ಣ ಕರುಳು ಮುಗಿದ ಮೇಲೆ ಬರುವ ಸೀಕಮ್ ಎಂಬ ದೊಡ್ಡ ಚೀಲದಲ್ಲಿ. ಅಲ್ಲಿ ತಯಾರಾದ ಪೋಷಕಾಂಶ ಮೆತ್ತನೆಯ ಹಿಕ್ಕೆಯಾಗಿ ಹೊರಗೆ ಬರುತ್ತದೆ, ಮೊಲ ಅದನ್ನು ಬಾಯಿ ಹಾಕಿ ಮತ್ತೆ ತಿನ್ನುತ್ತದೆ. ನೋಡಿದವರಿಗೆ ಅಸಹ್ಯ, ಮೊಲಕ್ಕೆ ಅದು ಎರಡನೇ ಊಟ. ಈ ಇಡೀ ಸಿಸ್ಟಮ್ ಓಡುವುದು ಉದ್ದ ನಾರಿನಿಂದ. ನಾರು ಕಮ್ಮಿಯಾದರೆ ಕರುಳಿನ ಚಲನೆ ನಿಧಾನವಾಗುತ್ತದೆ, ಗ್ಯಾಸ್ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲಿಕ್ಕೂ ಬರುವುದಿಲ್ಲ, ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು. ಮೊಲ ಹನ್ನೆರಡು ಗಂಟೆ ಏನೂ ತಿನ್ನಲಿಲ್ಲ, ಹಿಕ್ಕೆಯೂ ಇಲ್ಲ ಅಂದರೆ ನಾಳೆ ನೋಡುವ ಅಂತ ಕೂರಬೇಡಿ, ಅದೇ ದಿನ ಪಶುವೈದ್ಯರ ಹತ್ತಿರ ಹೋಗಿ. ಮನೆಯಲ್ಲಿದ್ದ ಅಮಾಕ್ಸಿಸಿಲಿನ್ ಮಾತ್ರೆ ಪುಡಿ ಮಾಡಿ ಬಾಯಿಗೆ ಹಾಕುವ ಬುದ್ಧಿವಂತಿಕೆ ಖಂಡಿತ ಬೇಡ. ಅದು ಸೀಕಮ್ಮಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಕೊಂದು ಮೊಲವನ್ನೂ ಕೊಲ್ಲಬಹುದು.

ಇನ್ನೊಂದು ಕಾರಣ ಹಲ್ಲು. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಗಿನಿಯಿಲಿಗೂ ಹಾಗೆಯೇ, ದವಡೆ ಹಲ್ಲು ಸಮೇತ. ಹ್ಯಾಮ್‌ಸ್ಟರ್, ಬಿಳಿ ಇಲಿಗಳಿಗೆ ಬೆಳೆಯುವುದು ಮುಂದಿನ ಹಲ್ಲು ಮಾತ್ರ. ಒರಟು ಹುಲ್ಲನ್ನು ಗಂಟೆಗಟ್ಟಲೆ ಅರೆದರೆ ಹಲ್ಲು ಸವೆದು ಸರಿಯಾದ ಅಳತೆಯಲ್ಲಿ ಇರುತ್ತದೆ. ಕ್ಯಾರೆಟ್ ಕೊಟ್ಟರೆ ಸವೆಯುವುದಿಲ್ಲ. ಕಾರ್ಟೂನು ನೋಡಿ ಮೊಲ ಸಾಕುವವರಿಗೆ ಇದನ್ನು ಹೇಳಿ ಹೇಳಿ ನಮಗೆ ಸಾಕಾಗಿದೆ.

ಈಗ ಒಣಗಿಸುವುದು. ಹಸಿ ಸೊಪ್ಪಿನಲ್ಲಿ ಹತ್ತಿರ ಹತ್ತಿರ 80 ಶೇಕಡಾ ನೀರು. 100 ಗ್ರಾಂ ಸೊಪ್ಪಿನಲ್ಲಿ ಒಣ ಅಂಶ 20 ಗ್ರಾಂ. ನೀರನ್ನು 10 ಶೇಕಡಾಕ್ಕೆ ಇಳಿಸಿದರೆ ಉಳಿಯುವ ತೂಕ ಸುಮಾರು 22 ಗ್ರಾಂ. ಅಂದರೆ ಒಂದು ಹಿಡಿ ಒಣ ಸೊಪ್ಪಿನಲ್ಲಿ ನಾಲ್ಕೂವರೆ ಪಟ್ಟು ಹಸಿ ಸೊಪ್ಪಿನ ಸರಕು ಉಂಟು. ನಾರು ಮಾತ್ರ ಅಲ್ಲ, ಕ್ಯಾಲ್ಸಿಯಂ ಕೂಡ. ನುಗ್ಗೆ ಸೊಪ್ಪು ಆರೋಗ್ಯಕ್ಕೆ ಒಳ್ಳೆಯದು ಅಂತ ಒಣಗಿಸಿ ದಿನಾ ಹಾಕುವವರು ಇದನ್ನು ಗಮನಿಸಬೇಕು. ನಮ್ಮ ದೇಹ ಬೇಕಾದಷ್ಟು ಕ್ಯಾಲ್ಸಿಯಂ ಮಾತ್ರ ಹೀರಿಕೊಳ್ಳುತ್ತದೆ. ಮೊಲದ ಕರುಳು ಸಿಕ್ಕಿದ್ದರಲ್ಲಿ ಹೆಚ್ಚಿನದನ್ನು ಹೀರಿ, ಹೆಚ್ಚಾದದ್ದನ್ನು ಮೂತ್ರದಲ್ಲಿ ಬಿಡುತ್ತದೆ. ಮೂತ್ರ ಸುಣ್ಣದ ನೀರಿನ ಹಾಗೆ ಬೆಳ್ಳಗೆ, ದಪ್ಪಗೆ ಬರುತ್ತಿದ್ದರೆ ನುಗ್ಗೆ ಜಾಸ್ತಿ ಆಯಿತು ಅಂತ ತಿಳಿಯಿರಿ. ಒಣ ನುಗ್ಗೆ ವಾರಕ್ಕೊಮ್ಮೆ ಒಂದು ಚಿಟಿಕೆ ಸಾಕು.

ಒಣಗಿಸಿದರೆ ಹೋಗುವುದು ವಿಟಮಿನ್ ಸಿ. ಮೊಲ, ಇಲಿ, ಹ್ಯಾಮ್‌ಸ್ಟರ್ ಅದನ್ನು ಸ್ವಂತ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ, ಚಿಂತೆ ಇಲ್ಲ. ಗಿನಿಯಿಲಿಗೆ ಆ ಶಕ್ತಿ ಇಲ್ಲ, ಮನುಷ್ಯರ ಹಾಗೆ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಖ್ ಎಂಬಿಬ್ಬರು ಬೇರೆ ರೋಗದ ಬಗ್ಗೆ ಪ್ರಯೋಗ ಮಾಡುತ್ತಾ ಗಿನಿಯಿಲಿಗಳಿಗೆ ಬರೀ ಧಾನ್ಯ ತಿನ್ನಿಸಿದರು, ಅವಕ್ಕೆ ಸ್ಕರ್ವಿ ಬಂತು. ವಿಟಮಿನ್ ಸಿ ಪತ್ತೆಯಾಗುವ ದಾರಿ ತೆರೆದದ್ದು ಹಾಗೆ. ಗಿನಿಯಿಲಿ ಸಾಕಿದವರು ಒಣ ಮೇವಿನ ಜೊತೆ ದಿನಾ ಹಸಿಯದ್ದು ಏನಾದರೂ ಕೊಡಲೇಬೇಕು. ದುಬಾರಿ ಡ್ರಾಪ್ಸ್ ಬೇಡ. ಕಿಲೋ ತೂಕದ ಗಿನಿಯಿಲಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಾಕು, ಪೇರಳೆ ಹಣ್ಣಿನ 10 ಗ್ರಾಂ ತುಂಡಿನಲ್ಲೇ ಸುಮಾರು 20 ಮಿಲಿಗ್ರಾಂ ಉಂಟು. ಹಿತ್ತಿಲಿನ ಪೇರಳೆ ಮರಕ್ಕೆ ಈಗಲಾದರೂ ಮರ್ಯಾದೆ ಕೊಡಿ.

ಒಣಗಿಸಿದರೆ ವಿಷವೂ ಹೋಗುತ್ತದಾ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಒಂದೊಂದು ಗಿಡಕ್ಕೆ ಒಂದೊಂದು ಉತ್ತರ. ಮರಗೆಣಸಿನ ಸೊಪ್ಪಿನ ಸಯನೈಡ್ ಬಾಡಿಸಿ ಒಣಗಿಸಿದಾಗ ಬಹಳಷ್ಟು ಆವಿಯಾಗಿ ಹೋಗುತ್ತದೆ. ಕಣಗಿಲೆ, ಲಂಟಾನ, ಉಮ್ಮತ್ತಿಯ ವಿಷ ಒಣಗಿದರೂ ಹಾಗೆಯೇ ಇರುತ್ತದೆ. ಬದಲಿಗೆ ಒಣಗಿದಾಗ ಕಹಿ, ವಾಸನೆ ಕಮ್ಮಿಯಾಗಿ, ಹಸಿಯಿದ್ದಾಗ ಮೂಸಿ ಬಿಡುತ್ತಿದ್ದ ಪ್ರಾಣಿ ಈಗ ತಿಂದುಬಿಡುವ ಅಪಾಯ ಜಾಸ್ತಿ. ನಾಚಿಕೆ ಮುಳ್ಳು, ಸುಬಾಬುಲ್ ಎರಡರಲ್ಲೂ ಮಿಮೋಸಿನ್ ಎಂಬ ಅಂಶ ಉಂಟು, ರೋಮ ಉದುರುತ್ತದೆ. ಅವೂ ಬೇಡ.

ಮೂರನೇ ಬಗೆಯದ್ದು ವಿಚಿತ್ರ: ಹಸಿಯಿದ್ದಾಗ ಅಷ್ಟೇನೂ ತೊಂದರೆ ಇಲ್ಲದ್ದು, ಕೆಟ್ಟದಾಗಿ ಒಣಗಿಸಿದರೆ ವಿಷವಾಗುವಂಥದ್ದು. ಬಂಟ್ವಾಳ ತಾಲೂಕಿನ ಅಡಿಕೆ ತೋಟದ ಬೇಲಿಯಲ್ಲಿ ಗ್ಲಿರಿಸಿಡಿಯಾ ನೋಡದವರು ಯಾರು? ತಿಳಿ ಗುಲಾಬಿ ಹೂ ಬಿಡುವ ಗೊಬ್ಬರದ ಗಿಡ. ಆಡು ತಿನ್ನುತ್ತದೆ, ಆದ್ದರಿಂದ ಮೊಲಕ್ಕೂ ಹಾಕುವ ಅನ್ನಿಸುತ್ತದೆ. ಆದರೆ ಆ ಲ್ಯಾಟಿನ್ ಹೆಸರಿನ ಅರ್ಥವೇ ಇಲಿ ಕೊಲ್ಲುವುದು! ಅದರ ಮೂಲ ಊರಾದ ಮಧ್ಯ ಅಮೆರಿಕದಲ್ಲಿ ತೊಗಟೆ, ಬೀಜವನ್ನು ಕಾಳಿಗೆ ಬೆರೆಸಿ ಇಲಿ ಪಾಷಾಣ ಮಾಡುತ್ತಿದ್ದರು. ಎಲೆಯಲ್ಲಿ ಕೌಮರಿನ್ ಎಂಬ ಪರಿಮಳದ ರಾಸಾಯನಿಕ ಇದೆ. ಬೂಸ್ಟು ಹಿಡಿದರೆ ಆ ಬೂಸ್ಟು ಕೌಮರಿನ್ನನ್ನು ಡೈಕೌಮರಾಲ್ ಆಗಿ ಬದಲಿಸುತ್ತದೆ, ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ.

ಇದು ಗೊತ್ತಾದ ಕತೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಹೇಳಬೇಕಾದಂಥದ್ದು. 1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. ತಿಂದದ್ದು ಸ್ವೀಟ್ ಕ್ಲೋವರ್ ಎಂಬ ಮೇವು, ಮಳೆಯಲ್ಲಿ ಸರಿಯಾಗಿ ಒಣಗದೆ ಬೂಸ್ಟು ಬಂದದ್ದು. 1933ರಲ್ಲಿ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಡಬ್ಬದಲ್ಲಿ ತುಂಬಿಸಿಕೊಂಡು ವಿಸ್ಕಾನ್ಸಿನ್‌ನ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಹೋದ. ಅವರ ತಂಡ ವರ್ಷಗಟ್ಟಲೆ ಕೂತು ಡೈಕೌಮರಾಲನ್ನು ಬೇರ್ಪಡಿಸಿತು. ಅದರ ತಮ್ಮನಂಥ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು, ಆಮೇಲೆ ಹೃದ್ರೋಗಿಗಳಿಗೆ ಮಾತ್ರೆಯೂ ಆಯಿತು. ನಮ್ಮ ಅಜ್ಜ-ಅಜ್ಜಿಯರಲ್ಲಿ ಎಷ್ಟೋ ಜನ ಅದನ್ನೇ ನುಂಗುತ್ತಿರಬಹುದು. ಅಲ್ಲಿ ಮಳೆ ಬಿದ್ದದ್ದು ನಮ್ಮಷ್ಟಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್, ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ.

ಬೂಸ್ಟಿನ ಲೆಕ್ಕ ಹೀಗೆ. ಎಷ್ಟೇ ಒಣಗಿಸಿದರೂ ಹುಲ್ಲು ಸುತ್ತಲಿನ ಗಾಳಿಯ ತೇವದ ಜೊತೆ ಸಮತೋಲಕ್ಕೆ ಬರುತ್ತದೆ. ಗಾಳಿಯ ತೇವಾಂಶ 70 ಶೇಕಡಾ ದಾಟಿದಲ್ಲಿ ತೆರೆದಿಟ್ಟ ಹುಲ್ಲಿನಲ್ಲಿ ಬೂಸ್ಟು ಬೆಳೆಯಲು ಶುರು. ಜುಲೈಯಲ್ಲಿ ನಮ್ಮ ಗಾಳಿ 90ರ ಹತ್ತಿರ. ಅಂದರೆ ಫ್ಯಾನ್ ಕೆಳಗೆ ಮೂರು ದಿನ ಹರಡಿದರೂ ಅದು ಒಣಗುವುದಿಲ್ಲ, ಬಾಡುತ್ತದೆ ಅಷ್ಟೇ. ಆದರೆ 27 ಡಿಗ್ರಿಯ ಅದೇ ಗಾಳಿಯನ್ನು 40 ಡಿಗ್ರಿಗೆ ಬಿಸಿ ಮಾಡಿ. ನೀರಿನ ಆವಿ ಅಷ್ಟೇ ಇರುತ್ತದೆ, ಹಿಡಿದುಕೊಳ್ಳುವ ಸಾಮರ್ಥ್ಯ ಎರಡು ಪಟ್ಟಾಗುತ್ತದೆ, ಸಾಪೇಕ್ಷ ತೇವಾಂಶ 44ಕ್ಕೆ ಇಳಿಯುತ್ತದೆ. ಥರ್ಮೋಡೈನಾಮಿಕ್ಸ್ ಎಕ್ಸಾಮಿಗೆ ಓದಿದ ಟೇಬಲ್ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ನಮ್ಮ ಹಿರಿಯರು ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಇಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಮೊಲದ ಮೇವಿಗೆ ಮಾತ್ರ ಹೊಗೆ ತಾಗುವ ಅಟ್ಟ ಆಗುವುದಿಲ್ಲ, ಅದರ ಶ್ವಾಸಕೋಶ ಸೂಕ್ಷ್ಮ.

ಮಳೆಗಾಲದಲ್ಲೇ ಸ್ವಲ್ಪ ಒಣಗಿಸಬೇಕೆಂದರೆ, ಮೇಲೆ ಕೆಳಗೆ ತೂತು ಮಾಡಿದ ತಗಡಿನ ಪೆಟ್ಟಿಗೆ, ಒಳಗೆ 60 ವ್ಯಾಟಿನ ಹಳೇ ಮಾದರಿ ಬಲ್ಬು, ಅದರಿಂದ ಒಂದಡಿ ಮೇಲೆ ಬಲೆಯ ತಟ್ಟೆ. ಅರ್ಧ ಕಿಲೋ ಹಸಿ ಹುಲ್ಲಿನಿಂದ ತೆಗೆಯಬೇಕಾದ ನೀರು ಸುಮಾರು 390 ಗ್ರಾಂ. ಕಿಲೋ ನೀರು ಆವಿಯಾಗಲು 2.4 ಮೆಗಾಜೂಲ್ ಅಂತ ಹಿಡಿದರೆ ಬಲ್ಬಿಗೆ ನಾಲ್ಕೂಕಾಲು ಗಂಟೆ ಸಾಕು. ಅದು ಪೇಪರಿನ ಲೆಕ್ಕ. ಶಾಖದ ಮುಕ್ಕಾಲು ಪಾಲು ಹೊರಗೆ ಸೋರಿ ಹೋಗುವುದರಿಂದ ಒಂದು ಹಗಲು-ರಾತ್ರಿ ಇಟ್ಟುಕೊಳ್ಳಿ. ಒಣ ಹುಲ್ಲು ಮತ್ತು ಬಿಸಿ ಬಲ್ಬು ಒಟ್ಟಿಗೆ ಇರುವಲ್ಲಿ ಬೆಂಕಿಯ ಭಯ ಇದ್ದದ್ದೇ, ಮನೆಯಲ್ಲಿ ಜನ ಎಚ್ಚರ ಇರುವಾಗ ಮಾತ್ರ ಹಾಕಿ. ಎಲ್‌ಇಡಿ ಬಲ್ಬು ಇದಕ್ಕೆ ಪ್ರಯೋಜನ ಇಲ್ಲ.

ಒಣಗಿದ್ದು ಗೊತ್ತಾಗಲು ದಂಟು ಬಗ್ಗಿಸಿ ನೋಡಿ. ಬಗ್ಗಿದರೆ ಆಗಿಲ್ಲ, ಟಕ್ಕೆಂದು ಮುರಿದರೆ ಆಯಿತು. ಸಂಶಯ ಇದ್ದರೆ ಗಾಜಿನ ಬಾಟಲಿಗೆ ತುಂಬಿಸಿ ಮುಚ್ಚಳ ಬಿಗಿ ಮಾಡಿ ಒಂದು ದಿನ ಬಿಡಿ. ಒಳಗೋಡೆಯಲ್ಲಿ ಬೆವರು ಕಂಡರೆ ವಾಪಸ್ ಪೆಟ್ಟಿಗೆಗೆ. ಬಿಳಿ ಅಥವಾ ಹಸಿರು ಹುಡಿ, ಮುಗ್ಗುಲು ವಾಸನೆ ಬಂದರೆ ಆ ಭಾಗ ಮಾತ್ರ ತೆಗೆದು ಉಳಿದದ್ದನ್ನು ಕೊಡುವುದಲ್ಲ, ಇಡೀ ಬಾಟಲಿ ಗೊಬ್ಬರದ ಗುಂಡಿಗೆ. ನೆಲಗಡಲೆ ಹಿಂಡಿಯ ವಿಷಯದಲ್ಲಂತೂ ಇನ್ನೂ ಬಿಗಿಯಾಗಿರಿ. ಬೂಸ್ಟು ಬಂದ ಹಿಂಡಿಯಲ್ಲಿ ಅಫ್ಲಟಾಕ್ಸಿನ್ ಇರುತ್ತದೆ, ಅದನ್ನು ತಡೆದುಕೊಳ್ಳಲು ಆಗದ ಪ್ರಾಣಿಗಳ ಸಾಲಿನಲ್ಲಿ ಮೊಲ ಮುಂದಿದೆ.

ಇನ್ನು ಯಾವುದನ್ನು ಕೊಯ್ಯುವುದು? ಊಟದ ಮುಖ್ಯ ಭಾಗ ಹುಲ್ಲೇ, ಹತ್ತರಲ್ಲಿ ಎಂಟು ಪಾಲು. ಗರಿಕೆ ಎಲ್ಲಕ್ಕಿಂತ ಒಳ್ಳೆಯದು, ಗಿನಿ ಹುಲ್ಲೂ ಆಗುತ್ತದೆ. ಹೈನುಗಾರರು ಬೆಳೆಸುವ ನೇಪಿಯರ್ ಸಿಕ್ಕಿದರೆ ದಪ್ಪ ದಂಟು ಬಿಟ್ಟು ಎಲೆ ತೆಗೆದುಕೊಳ್ಳಿ. ಬೈಹುಲ್ಲಿನಲ್ಲಿ ನಾರು ಉಂಟು, ಸತ್ವ ಇಲ್ಲ, ಅದು ಹಾಸಿಗೆಗೆ ಸರಿ. ಮುಳಿಹುಲ್ಲು ಮಾಡಿಗೆ ಹಾಕಲು ಚಂದ, ಬಾಯಿಗೆ ಚುಚ್ಚುತ್ತದೆ. ಹುಲ್ಲಿನ ಮೇಲೆ ಪರಿಮಳಕ್ಕೆ ಉದುರಿಸಲು ಒಣಗಿದ ದಾಸವಾಳದ ಹೂವು ಮತ್ತು ಎಲೆ, ಬಾಳೆ ಎಲೆ, ಪುದೀನ, ಕೊತ್ತಂಬರಿ, ಸ್ವಲ್ಪ ತುಳಸಿ. ದಿನಕ್ಕೆ ಒಂದು ದೊಡ್ಡ ಚಮಚ ಸಾಕು, ಹೊಸ ಗಿಡ ಒಂದು ಸಲಕ್ಕೆ ಒಂದೇ. ತಟ್ಟೆಯಲ್ಲಿ ಇಡುವ ಬದಲು ಹುಲ್ಲಿನ ರಾಶಿಯೊಳಗೆ ಅಡಗಿಸಿದರೆ ಹುಡುಕಿ ತಿನ್ನುವ ಕೆಲಸ ಸಿಗುತ್ತದೆ, ಪಂಜರದ ಸರಳು ಕಡಿಯುವುದು ಕಮ್ಮಿಯಾಗುತ್ತದೆ. ಪಿಜಿಯಲ್ಲಿ ಹ್ಯಾಮ್‌ಸ್ಟರ್ ಇಟ್ಟವರಿಗೆ ಒಣ ಸೊಪ್ಪು ಇನ್ನೂ ಅನುಕೂಲ. ಅದು ಕೆನ್ನೆಯಲ್ಲಿ ತುಂಬಿಸಿ ಗೂಡಿನಲ್ಲಿ ಬಚ್ಚಿಡುವ ಪ್ರಾಣಿ. ಹಸಿ ಸೊಪ್ಪು ಅಲ್ಲಿ ಕೊಳೆಯುತ್ತದೆ, ಒಣಗಿದ್ದು ಕೊಳೆಯುವುದಿಲ್ಲ.

ಯಾವ ಜಾಗದ್ದು ಎನ್ನುವುದೂ ಮುಖ್ಯ. ಹೆದ್ದಾರಿ 75ರ ಪಕ್ಕದ ಹುಲ್ಲು ಬೇಡ, ಧೂಳು ಮತ್ತು ಹೊಗೆ. ಅಡಿಕೆ ತೋಟದ ಹುಲ್ಲು ನೋಡಲು ಎಷ್ಟು ಸೊಂಪಾಗಿದ್ದರೂ ಮದ್ದು ಬಿಟ್ಟ ಮೇಲೆ ಮುಟ್ಟಬೇಡಿ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಗೊನೆಗೆ ಬಿಟ್ಟದ್ದರಲ್ಲಿ ಒಂದಷ್ಟು ಕೆಳಗಿನ ಹುಲ್ಲಿನ ಮೇಲೆಯೇ ಬೀಳುತ್ತದೆ. ಒಣಗಿಸಿದರೆ ತಾಮ್ರ ಎಲ್ಲೂ ಹೋಗುವುದಿಲ್ಲ, ಹುಲ್ಲಿನ ತೂಕ ಇಳಿದಷ್ಟು ಅದರ ಪ್ರಮಾಣ ಏರುತ್ತದೆ. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ದಿನ ಕಳೆದು ಇನ್ನೊಮ್ಮೆ ಬಿಡುತ್ತಾರೆ. ತೋಟದವರನ್ನು ಕೇಳಿಯೇ ಕೊಯ್ಯಿರಿ. ಕಳೆನಾಶಕ ಹೊಡೆದ ಜಾಗವನ್ನೂ ಹಾಗೆಯೇ ಕೇಳಿ ತಿಳಿದುಕೊಳ್ಳಿ.

ನಿಜ ಹೇಳಬೇಕೆಂದರೆ ಬಲ್ಬಿನ ಪೆಟ್ಟಿಗೆ ತುರ್ತಿಗೆ ಮಾತ್ರ, ನಾಲ್ಕು ತಿಂಗಳ ಮೇವು ಅದರಲ್ಲಿ ಆಗುವ ಮಾತಲ್ಲ. ಎರಡು ಕಿಲೋ ತೂಕದ ಮೊಲ ದಿನಕ್ಕೆ 80ರಿಂದ 100 ಗ್ರಾಂ ಒಣಹುಲ್ಲು ತಿನ್ನುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 120 ದಿನಕ್ಕೆ ಹತ್ತರಿಂದ ಹನ್ನೆರಡು ಕಿಲೋ, ಅಂದರೆ ಐವತ್ತು ಕಿಲೋ ಹಸಿ ಹುಲ್ಲು. ಅಕ್ಟೋಬರ್ ಕೊನೆಗೆ ಮಳೆ ಬಿಟ್ಟು ಹುಲ್ಲು ಹೂ ಬಿಡಲು ಶುರುವಾಗುವ ಹೊತ್ತಿಗೆ ಕೊಯ್ದರೆ ನಾರು, ಸತ್ವ ಎರಡೂ ಇರುತ್ತದೆ. ಚಾಲಿ ಅಡಿಕೆ ಒಣಗಲು 35-40 ದಿನ ಬೇಕು, ಹುಲ್ಲಿಗೆ ಅದೇ ಅಂಗಳದ ಮೂಲೆಯಲ್ಲಿ ಎರಡು-ಮೂರು ಬಿಸಿಲು ಸಾಕು. ಸಂಜೆ ಮಂಜು ಬೀಳುವ ಮೊದಲು ಒಳಗೆ ತರಬೇಕು, ಅಷ್ಟೇ. ಸೊಪ್ಪು-ಹೂವುಗಳನ್ನು ಮಾತ್ರ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಬಣ್ಣ ಮತ್ತು ಪರಿಮಳ ಹೋಗುತ್ತದೆ. ಆಮೇಲೆ ಗೋಣಿಯಲ್ಲಿ ಅಲ್ಲ, ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ ಒತ್ತಿ ತುಂಬಿಸಿ, ನೆಲದಿಂದ ಎತ್ತರಕ್ಕೆ ಇಡಿ. ಮಳೆಗಾಲದಲ್ಲಿ ಒಂದು ವಾರಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಕ್ಕೆ ತೆಗೆದು, ಡ್ರಮ್ಮನ್ನು ಆ ಕೂಡಲೇ ಮುಚ್ಚಿಬಿಡಿ.