ಮುಹೂರ್ತದಿಂದ ಹಿಂದಕ್ಕೆ ಎಣಿಸುವ ವಿದ್ಯೆ

ನಮ್ಮಲ್ಲಿ ಮದುವೆ ನಿಶ್ಚಯವಾದ ಮನೆಯ ಹಿರಿಯರು ಮೊದಲು ಪಂಚಾಂಗವನ್ನು ಬಿಡಿಸಿ ಮುಹೂರ್ತವನ್ನು ಗೊತ್ತುಮಾಡುತ್ತಾರೆ. ಅದು ಗೊತ್ತಾದ ಬಳಿಕ ಅವರ ಲೆಕ್ಕ ಮುಂದಕ್ಕೆ ಸಾಗುವುದಿಲ್ಲ, ಹಿಂದಕ್ಕೆ ಸಾಗುತ್ತದೆ. ಧಾರೆಗೆ ಮುಂಚೆ ವರಪೂಜೆ, ವರಪೂಜೆಗೆ ಮುಂಚೆ ಚಪ್ಪರ, ಚಪ್ಪರಕ್ಕೆ ಮುಂಚೆ ಲಗ್ನಪತ್ರಿಕೆ, ಅದಕ್ಕೂ ಮುಂಚೆ ಜವಳಿ, ಅಡಿಗೆಯವರಿಗೆ ಮುಂಗಡ, ಹೀಗೆ ಒಂದೊಂದಾಗಿ ಹಿಂದಕ್ಕೆ ಎಣಿಸುತ್ತ ಬಂದು, ಕಟ್ಟಕಡೆಗೆ ‘ಹಾಗಾದರೆ ನಾಳೆ ಬೆಳಗ್ಗೆಯೇ ಛತ್ರದವರನ್ನು ಕಾಣಬೇಕು’ ಎಂಬ ಮಾತಿಗೆ ನಿಲ್ಲುತ್ತಾರೆ. ಈ ವಿದ್ಯೆಯನ್ನೇ ಒಂದು ವೃತ್ತಿಯನ್ನಾಗಿ ಮಾಡಿಕೊಂಡು, ದಿನವೊಂದಕ್ಕೆ ಹತ್ತಾರು ತರುಣ ತರುಣಿಯರ ಭವಿಷ್ಯವನ್ನು ಒಂದು ಹಾಳೆಯ ಮೇಲೆ ಹಿಂದುಮುಂದಾಗಿ ಬರೆದುಕೊಡುವವರು ಅಮೆರಿಕದ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿದ್ದಾರೆ. ಅಲ್ಲಿಯ ಕಮ್ಯುನಿಟಿ ಕಾಲೇಜುಗಳಲ್ಲಿ ಎರಡು ವರ್ಷ ಓದಿ, ಅನಂತರ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರಬಯಸುವವರಿಗೆ ಪಾಠಗಳನ್ನು ಗೊತ್ತುಮಾಡಿಕೊಡುವ ಕೌನ್ಸೆಲರುಗಳ ಆ ಕಸುಬನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ.

ಹೆಸರುಗಳ ವಿಷಯದಲ್ಲಿ ಮೊದಲೇ ಒಂದೆರಡು ಭ್ರಾಂತಿಗಳನ್ನು ನಿವಾರಿಸಿಕೊಳ್ಳುವುದು ಲೇಸು. ಜೂನಿಯರ್ ಕಾಲೇಜೆಂದರೆ ಕರ್ನಾಟಕದವರ ಮನಸ್ಸಿಗೆ ಬರುವುದು ಪಿಯುಸಿ ತರಗತಿ; ಅಮೆರಿಕದಲ್ಲಿ ಆ ಹೆಸರಿನಿಂದಲೇ ಹುಟ್ಟಿ ಮುಂದೆ ಕಮ್ಯುನಿಟಿ ಕಾಲೇಜೆಂದು ಪ್ರಸಿದ್ಧವಾದ ಸಂಸ್ಥೆಯಾದರೋ ಹನ್ನೆರಡನೆಯ ತರಗತಿಯ ನಂತರದ್ದು, ನಾಲ್ಕು ವರ್ಷದ ಪದವಿಯ ಮೊದಲ ಅರ್ಧವನ್ನು ಬೋಧಿಸತಕ್ಕದ್ದು. ಹಾಗೆಯೇ ಅವರು ಟ್ರಾನ್ಸ್‌ಫರ್ ಎನ್ನುವುದನ್ನು ನಾವು ವರ್ಗಾವಣೆ ಎಂದುಬಿಟ್ಟರೆ, ಗಂಟುಮೂಟೆ ಕಟ್ಟಿದ ಸರ್ಕಾರಿ ನೌಕರನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ನೌಕರನು ವರ್ಗವಾದರೆ ಅವನ ಸೇವಾವಧಿ ಅವನೊಡನೆ ತಾನಾಗಿಯೇ ಸಾಗುತ್ತದೆ. ಈ ವಿದ್ಯಾರ್ಥಿಯ ಗಂಟಿನಲ್ಲಿರುವುದನ್ನಾದರೋ ಆಚೆಯ ಬಾಗಿಲಲ್ಲಿ ಬಿಚ್ಚಿ, ಒಂದೊಂದು ಪಾಠವನ್ನೂ ತೂಗಿ ನೋಡಿ ಒಳಕ್ಕೆ ಬಿಡುತ್ತಾರೆ.

ಈ ಸಂಸ್ಥೆಯ ಮೂಲಪುರುಷನೆಂದು ಹೇಳಬಹುದಾದವನು ಶಿಕಾಗೋ ವಿಶ್ವವಿದ್ಯಾನಿಲಯದ ಮೊದಲನೆಯ ಅಧ್ಯಕ್ಷನಾದ ವಿಲಿಯಂ ರೇನಿ ಹಾರ್ಪರ್. ಪದವಿಯ ಮೊದಲೆರಡು ವರ್ಷಗಳ ಸಾಮಾನ್ಯ ಶಿಕ್ಷಣಕ್ಕೂ ಕೊನೆಯೆರಡು ವರ್ಷಗಳ ಪ್ರೌಢ ವ್ಯಾಸಂಗಕ್ಕೂ ಸ್ವಭಾವದಲ್ಲಿಯೇ ಭೇದವುಂಟೆಂದು ನಂಬಿದ್ದ ಆತನೂ, ಜೋಲಿಯೆಟ್ ಊರಿನ ಹೈಸ್ಕೂಲಿನ ಮುಖ್ಯಸ್ಥನಾಗಿದ್ದ ಜೆ. ಸ್ಟ್ಯಾನ್ಲಿ ಬ್ರೌನನೂ ಕೂಡಿ ಆಲೋಚಿಸಿದುದರ ಫಲವಾಗಿ, 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳಿಂದ ಜೋಲಿಯೆಟ್ ಜೂನಿಯರ್ ಕಾಲೇಜು ಆರಂಭವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲುಗಳು ಕಾಲೇಜಿನ ಮೊದಲೆರಡು ವರ್ಷದ ಪಾಠಗಳನ್ನು ನಡೆಸಬಹುದೆಂಬ ಶಾಸನ 1907ರಲ್ಲಿ ಬಂದಿತು. ಅದನ್ನು ಆಧಾರವಾಗಿಟ್ಟುಕೊಂಡು ಒಣಹವೆಯ ಕೃಷಿಸೀಮೆಯಾದ ಫ್ರೆಸ್ನೊ ನಗರವು 1910ರಲ್ಲಿ ಆ ಸಂಸ್ಥಾನದ ಮೊದಲನೆಯ ಜೂನಿಯರ್ ಕಾಲೇಜನ್ನು ತೆರೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವಿದ್ದುದು ದೂರದ ಬರ್ಕ್ಲಿಯಲ್ಲಿ. ಮಕ್ಕಳನ್ನು ಹದಿನೆಂಟನೆಯ ವಯಸ್ಸಿಗೇ ಅಷ್ಟು ದೂರ ಕಳುಹಿಸುವ ಶಕ್ತಿ ಎಲ್ಲ ಒಕ್ಕಲು ಮನೆಗಳಿಗೂ ಇರಲಿಲ್ಲ.

ಈ ಎಲ್ಲ ಕಾಲೇಜುಗಳಿಗೂ ಒಂದು ಸಮಗ್ರ ವ್ಯವಸ್ಥೆಯಲ್ಲಿ ಸ್ಥಾನ ಕೊಟ್ಟದ್ದು 1960ರ ಮಾಸ್ಟರ್ ಪ್ಲ್ಯಾನ್. ಆಗ ವಿಶ್ವವಿದ್ಯಾನಿಲಯದ ಅಧ್ಯಕ್ಷನಾಗಿದ್ದ ಕ್ಲಾರ್ಕ್ ಕೆರ್‌ನ ಹೆಸರಿನೊಡನೆ ಪ್ರಧಾನವಾಗಿ ಹೆಣೆದುಕೊಂಡಿರುವ ಆ ಯೋಜನೆಯು, ಹೈಸ್ಕೂಲು ಮುಗಿಸಿದವರ ಪೈಕಿ ಮೇಲಿನ ಎಂಟನೆಯ ಒಂದು ಪಾಲಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವನ್ನೂ, ಮೇಲಿನ ಮೂರನೆಯ ಒಂದು ಪಾಲಿಗೆ ಸ್ಟೇಟ್ ಕಾಲೇಜುಗಳನ್ನೂ ಗೊತ್ತುಮಾಡಿ, ಕಲಿತು ಪ್ರಯೋಜನ ಪಡೆಯಬಲ್ಲ ಉಳಿದ ಯಾರೇ ಬಂದರೂ ಜೂನಿಯರ್ ಕಾಲೇಜಿನ ಬಾಗಿಲು ತೆರೆದಿರಬೇಕೆಂದು ವಿಧಿಸಿತು. ಇಷ್ಟೇ ಆಗಿದ್ದರೆ ಅದು ಮಕ್ಕಳನ್ನು ಹದಿನೆಂಟನೆಯ ವಯಸ್ಸಿನಲ್ಲಿಯೇ ಜರಡಿ ಹಿಡಿಯುವ ಕ್ರಮವಾಗುತ್ತಿತ್ತು. ಆದರೆ ವಿಶ್ವವಿದ್ಯಾನಿಲಯವು ತನ್ನ ಮೇಲಿನ ತರಗತಿಗಳಲ್ಲಿ ಕೆಳಗಿನ ತರಗತಿಗಳಿಗಿಂತ ಹೆಚ್ಚಿನ ಸ್ಥಳವನ್ನು ಕಾದಿರಿಸಿ, ಎರಡು ವರ್ಷ ಬೇರೆಡೆ ಓದಿ ಯೋಗ್ಯತೆಯನ್ನು ತೋರಿದವರನ್ನು ಅಲ್ಲಿ ಸೇರಿಸಿಕೊಳ್ಳತಕ್ಕದ್ದೆಂಬ ಇನ್ನೊಂದು ಕಟ್ಟಳೆಯೂ ಅದರಲ್ಲಿದ್ದುದರಿಂದ, ಮೊದಲನೆಯ ಸಲ ಜರಡಿಯಲ್ಲಿ ಸೋರಿಹೋದವರಿಗೆ ಎರಡನೆಯ ಅವಕಾಶವೊಂದು ಉಳಿಯಿತು.

ಇಂದು ಆ ಸಂಸ್ಥಾನದಲ್ಲಿ ಇಂತಹ 116 ಕಾಲೇಜುಗಳಿವೆ. 1984ರವರೆಗೆ ನಿವಾಸಿಗಳಿಗೆ ಬೋಧನಾ ಶುಲ್ಕವೇ ಇರಲಿಲ್ಲ. ಈಗ ಪಾಠದ ಭಾರವನ್ನು ಅಳೆಯುವ ಮಾನವಾದ ‘ಯೂನಿಟ್’ ಒಂದಕ್ಕೆ 46 ಡಾಲರು, ಎಂದರೆ 15 ಯೂನಿಟುಗಳ ಪೂರ್ಣ ಸೆಮಿಸ್ಟರಿಗೆ 690 ಡಾಲರು. ವಿಶ್ವವಿದ್ಯಾನಿಲಯದ ಶುಲ್ಕವು ವರ್ಷಕ್ಕೆ 14,000 ಡಾಲರಿಗೂ ಮಿಕ್ಕಿರುವಾಗ ಈ ವ್ಯತ್ಯಾಸ ಸಾಮಾನ್ಯವಾದುದಲ್ಲ. ಕನ್ನಡಿಗರ ಮನೆಗಳು ಬಹುಸಂಖ್ಯೆಯಲ್ಲಿರುವ ಕ್ಯುಪರ್ಟಿನೋದಲ್ಲಿ ಡಿ ಆನ್ಜ ಕಾಲೇಜೂ ಫ್ರೀಮಾಂಟಿನಲ್ಲಿ ಓಲೋನಿ ಕಾಲೇಜೂ ಉಂಟು. ಆಪಲ್ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಸ್ಟೀವ್ ವೋಜ್ನಿಯಾಕ್ ಬರ್ಕ್ಲಿಗೆ ಹೋಗುವ ಮುನ್ನ ಈ ಡಿ ಆನ್ಜದಲ್ಲಿ ಓದಿದವನು.

ಬಾಗಿಲೇನೋ ವಿಶಾಲವಾಗಿ ತೆರೆದಿದೆ. ಒಳಗೆ ಹೊಕ್ಕವನಿಗೆ ಎದುರಾಗುವುದು ಸ್ವಾತಂತ್ರ್ಯದ ಕಷ್ಟ. ನಮ್ಮ ಪಿಯುಸಿಯಲ್ಲಿ ‘ಪಿಸಿಎಂಬಿ’ ಎಂದು ಒಂದು ಸಲ ಗುರುತು ಹಾಕಿದರೆ ಮುಗಿಯಿತು. ಯಾವ ಪಾಠ, ಯಾವ ಕ್ರಮ, ಯಾವ ಹೊತ್ತು ಎಂಬುದನ್ನೆಲ್ಲ ಕಾಲೇಜಿನವರೇ ವೇಳಾಪಟ್ಟಿಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಅಲ್ಲಿ ಹಾಗಲ್ಲ. ನೂರಾರು ಪಾಠಗಳ ಸೂಚಿಯನ್ನು ವಿದ್ಯಾರ್ಥಿಯ ಮುಂದೆ ಹರಡಿ, ಬೇಕಾದುದನ್ನು ಆರಿಸಿಕೊ ಎನ್ನುತ್ತಾರೆ. ಕುಂಬಾರಿಕೆಯನ್ನು ಆರಿಸಿದರೂ ತಡೆಯುವವರಿಲ್ಲ, ಖಗೋಳಶಾಸ್ತ್ರವನ್ನು ಆರಿಸಿದರೂ ಬೇಡವೆನ್ನುವವರಿಲ್ಲ. ಆ ಆಯ್ಕೆಗೆ ಆಚೆಯ ದಡದಲ್ಲಿ ಬೆಲೆಯುಂಟೋ ಇಲ್ಲವೋ ಎಂಬುದು ಎರಡು ವರ್ಷಗಳ ತರುವಾಯ ತಿಳಿಯುತ್ತದೆ, ಮೊದಲೇ ವಿಚಾರಿಸಿಕೊಳ್ಳದಿದ್ದವನಿಗೆ.

ವಿಚಾರಿಸಬೇಕಾದ ಪ್ರಶ್ನೆಗಳು ಮೂರು, ಅವುಗಳನ್ನು ಒಂದಕ್ಕೊಂದು ಬೆರಸುವುದೇ ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಈ ಪಾಠದ ಯೂನಿಟುಗಳು ವಿಶ್ವವಿದ್ಯಾನಿಲಯದ ಲೆಕ್ಕಕ್ಕೆ ಸೇರುವುವೋ ಎಂಬುದು ಮೊದಲನೆಯದು. ಎಲ್ಲ ಪದವೀಧರರಿಗೂ ವಿಹಿತವಾದ ಸಾಮಾನ್ಯ ಶಿಕ್ಷಣದ ಯಾವುದಾದರೊಂದು ವಿಭಾಗವನ್ನು ಇದು ತುಂಬುವುದೋ ಎಂಬುದು ಎರಡನೆಯದು. ತಾನು ಮುಖ್ಯವಾಗಿ ಓದಬಯಸುವ ಶಾಸ್ತ್ರಕ್ಕೆ ಇದು ಅಸ್ತಿಭಾರವಾಗಿ ಸಲ್ಲುವುದೋ ಎಂಬುದು ಮೂರನೆಯದು. ಮೊದಲನೆಯದಕ್ಕೆ ‘ಹೌದು’ ಎಂಬ ಉತ್ತರ ಬಂದೊಡನೆ ಉಳಿದೆರಡಕ್ಕೂ ಬಂದಿತೆಂದು ತಿಳಿಯುವವನು, 60 ಯೂನಿಟುಗಳನ್ನು ಶ್ರಮಪಟ್ಟು ಸಂಪಾದಿಸಿಯೂ, ಬೇಕಾದ ಒಂದೇ ಒಂದು ಭೌತಶಾಸ್ತ್ರದ ಪಾಠವಿಲ್ಲದ ಕಾರಣ ಹೊರಗೆ ನಿಲ್ಲಬೇಕಾಗುತ್ತದೆ. ಸಾಮಾನ್ಯ ಶಿಕ್ಷಣಕ್ಕೆ 2025ರ ಶರತ್ಕಾಲದಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ, ಹಿಂದಿನ ಸ್ಟೇಟ್ ಕಾಲೇಜುಗಳಿಂದಾದ ಸ್ಟೇಟ್ ವಿಶ್ವವಿದ್ಯಾನಿಲಯ ಎರಡಕ್ಕೂ ಒಪ್ಪುವಂತಹ ‘ಕ್ಯಾಲ್-ಗೆಟ್ಸಿ’ ಎಂಬ ಏಕರೂಪದ ಪಟ್ಟಿಯೊಂದು ಜಾರಿಗೆ ಬಂದಿದೆ. ಇಂಗ್ಲಿಷ್ ಪ್ರಬಂಧ, ವಿಮರ್ಶಾತ್ಮಕ ಚಿಂತನೆ ಮತ್ತು ಭಾಷಣಕಲೆ, ಗಣಿತ, ಕಲೆ ಮತ್ತು ಮಾನವಿಕಗಳು, ಸಮಾಜವಿಜ್ಞಾನ, ಪ್ರಯೋಗಶಾಲೆಯೊಡಗೂಡಿದ ನಿಸರ್ಗವಿಜ್ಞಾನ, ಜನಾಂಗೀಯ ಅಧ್ಯಯನ, ಇವೆಲ್ಲ ಸೇರಿ ಅದರಲ್ಲಿ 34 ಯೂನಿಟುಗಳಿವೆ.

ಮೂರನೆಯ ಪ್ರಶ್ನೆಗೆ ಅಂತಹ ಒಂದೇ ಪಟ್ಟಿ ಸಾಧ್ಯವಿಲ್ಲ. ಒಂದೊಂದು ಕಾಲೇಜಿಗೂ ಒಂದೊಂದು ವಿಶ್ವವಿದ್ಯಾನಿಲಯದ ಒಂದೊಂದು ವಿಭಾಗಕ್ಕೂ ಪ್ರತ್ಯೇಕವಾದ ಒಪ್ಪಂದವಿರುತ್ತದೆ: ನಿಮ್ಮಲ್ಲಿಯ ಇಂತಹ ಪಾಠವು ನಮ್ಮಲ್ಲಿಯ ಇಂತಹ ಪಾಠಕ್ಕೆ ಸಮಾನ, ಇಂತಹುದಕ್ಕೆ ಸಮಾನವಾದುದು ನಿಮ್ಮಲ್ಲಿಲ್ಲ, ಈ ಎರಡು ಪಾಠಗಳನ್ನು ಒಂದೇ ಕಾಲೇಜಿನಲ್ಲಿ ಜೊತೆಯಾಗಿ ಮುಗಿಸಿದರೆ ಮಾತ್ರ ಒಪ್ಪುವೆವು, ಎಂಬಿತ್ಯಾದಿ. ಇವನ್ನು ಒಂದೆಡೆ ಕಲೆಹಾಕಿ ಸಾರ್ವಜನಿಕರಿಗೆ ಒದಗಿಸುವ ‘ಅಸಿಸ್ಟ್’ ಎಂಬ ಭಂಡಾರವು ಅಂತರಜಾಲದಲ್ಲಿದೆ. ಪಠ್ಯಕ್ರಮಗಳನ್ನು ಸಾಲು ಸಾಲಾಗಿ ಹೋಲಿಸಿ ಈ ಒಪ್ಪಂದಗಳನ್ನು ಬೆಳೆಸುವ ಅಧಿಕಾರಿಯೊಬ್ಬರು ಪ್ರತಿ ಕಾಲೇಜಿನಲ್ಲಿಯೂ ಇರುತ್ತಾರೆ. ಅವರ ಹೆಸರನ್ನು ಕೇಳದೆಯೇ ಸಾವಿರಾರು ಮಂದಿ ಅವರ ಕೆಲಸದ ಫಲವನ್ನು ಉಣ್ಣುತ್ತಾರೆ.

ಮೆಕ್ಯಾನಿಕಲ್ ಎಂಜಿನಿಯರಿಂಗನ್ನು ಓದಬಯಸಿ ಕೌನ್ಸೆಲರರ ಕೊಠಡಿಗೆ ಬಂದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಕೌನ್ಸೆಲರು ಒಂದು ಹಾಳೆಯಲ್ಲಿ ನಾಲ್ಕು ಅಂಕಣಗಳನ್ನು ಎಳೆದು, ಕೊನೆಯ ಅಂಕಣದಲ್ಲಿ ಮೊದಲು ಬರೆಯುತ್ತಾರೆ. ವಿಶ್ವವಿದ್ಯಾನಿಲಯಕ್ಕೆ ಹೋಗುವ ಮುನ್ನ ಅವಕಲ ಸಮೀಕರಣಗಳ ಪಾಠ ಮುಗಿದಿರಬೇಕಾದರೆ, ಅದರ ಹಿಂದಿನ ಸೆಮಿಸ್ಟರಿನಲ್ಲಿ ಮೂರನೆಯ ಕ್ಯಾಲ್ಕ್ಯುಲಸ್, ಅದರ ಹಿಂದೆ ಎರಡನೆಯದು, ಅದರ ಹಿಂದೆ ಮೊದಲನೆಯದು ಇರಲೇಬೇಕು. ಭೌತಶಾಸ್ತ್ರದ ಮೂರು ಪಾಠಗಳು ಈ ಗಣಿತದ ಸರಪಣಿಯ ಬೆನ್ನಿಗೇ ಒಂದು ಹೆಜ್ಜೆ ಹಿಂದೆ ನಡೆದುಬರುತ್ತವೆ. ಮೊದಲನೆಯ ಕ್ಯಾಲ್ಕ್ಯುಲಸ್ ಮುಗಿಯದೆ ಅವುಗಳಲ್ಲಿ ಮೊದಲನೆಯದಾದ ಬಲವಿಜ್ಞಾನಕ್ಕೆ ಕೈ ಹಾಕುವಂತಿಲ್ಲ. ಹುಡುಗಿಯ ಗಣಿತ ಸ್ವಲ್ಪ ದುರ್ಬಲವಾಗಿದ್ದು ಕ್ಯಾಲ್ಕ್ಯುಲಸಿಗೂ ಹಿಂದಿನ ಪಾಠದಿಂದ ಆರಂಭಿಸಬೇಕಾಗಿ ಬಂದರೆ, ಇಡೀ ಸರಪಣಿ ಒಂದು ಕೊಂಡಿಯಷ್ಟು ಮುಂದಕ್ಕೆ ಸರಿಯುತ್ತದೆ. ವಿಶ್ವವಿದ್ಯಾನಿಲಯವು ಬಹುಮಟ್ಟಿಗೆ ಶರತ್ಕಾಲದಲ್ಲಿ ಮಾತ್ರ ಬಾಗಿಲು ತೆರೆಯುವುದರಿಂದ, ಹೀಗೆ ಸರಿದ ಅರ್ಧ ವರ್ಷ ಪೂರ್ತಿ ಒಂದು ವರ್ಷವನ್ನೇ ನುಂಗುತ್ತದೆ. ಅದನ್ನು ಉಳಿಸಿಕೊಳ್ಳಬೇಕಾದರೆ ಬೇಸಗೆಯ ರಜೆಯನ್ನು ಬಲಿಕೊಡಬೇಕು. ಇಂತಹವಳಿಗೆ ಸಾಮಾನ್ಯ ಶಿಕ್ಷಣದ ಪಟ್ಟಿಯನ್ನು ಈಗಲೇ ಪೂರೈಸೆಂದು ಜಾಣ ಕೌನ್ಸೆಲರು ಒತ್ತಾಯಿಸುವುದಿಲ್ಲ. ಅದರ ಕೆಲವು ಭಾಗವನ್ನು ಆಮೇಲೆ ಮಾಡಿಕೊಳ್ಳಬಹುದು, ಗಣಿತ ಮತ್ತು ಭೌತಶಾಸ್ತ್ರಗಳ ಸರಪಣಿ ಮಾತ್ರ ಕಾಯಲೊಲ್ಲದು. ಇತಿಹಾಸವನ್ನು ಓದಬಯಸುವವನ ಹಾಳೆಯಲ್ಲಾದರೋ ಇದಕ್ಕೆ ತೀರ ವಿರುದ್ಧವಾಗಿ, ಸಾಮಾನ್ಯ ಶಿಕ್ಷಣದ ಪಾಠಗಳೇ ಬಹುಭಾಗವನ್ನು ಆಕ್ರಮಿಸುತ್ತವೆ.

ಈ ಎಣಿಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪ್ರಯಾಣ ನಾಲ್ಕು ಸೆಮಿಸ್ಟರುಗಳದಾದರೂ, ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಬೇಕಾದುದು ಎರಡನೆಯ ವರ್ಷದ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ. ಆಗ ವಿದ್ಯಾರ್ಥಿಯ ಕೈಯಲ್ಲಿರುವುದು ಮೊದಲ ವರ್ಷದ ಅಂಕಗಳು ಮಾತ್ರ. ಮೂರನೆಯ ಸೆಮಿಸ್ಟರು ನಡೆಯುತ್ತಿದೆ, ನಾಲ್ಕನೆಯದು ಇನ್ನೂ ಸಂಕಲ್ಪದಲ್ಲಿದೆ. ಆ ಸಂಕಲ್ಪವನ್ನೂ ಅರ್ಜಿಯಲ್ಲಿ ಬರೆದು, ಬರೆದಂತೆಯೇ ನಡೆದು ತೋರಿಸಬೇಕು. ತಪ್ಪಿದರೆ ದೊರೆತ ಪ್ರವೇಶವೂ ಕೈಬಿಟ್ಟು ಹೋಗಬಹುದು. ‘ಮೊದಲ ವರ್ಷ ಸುಮ್ಮನೆ ನೋಡೋಣ, ಎರಡನೆಯ ವರ್ಷ ಯೋಚಿಸೋಣ’ ಎಂಬ ನಿಧಾನಸ್ಥರು ಯೋಚಿಸಲು ತೊಡಗುವ ವೇಳೆಗೆ ಪರೀಕ್ಷಕರು ಅವರ ಯೋಗ್ಯತೆಯನ್ನು ಅರ್ಧಕ್ಕೂ ಮಿಕ್ಕು ನಿರ್ಣಯಿಸಿಬಿಟ್ಟಿರುತ್ತಾರೆ.

ಮುಂಚಿತವಾಗಿ ಲೆಕ್ಕ ಹಾಕಿದವರಿಗೆ ಕೆಲವು ಭರವಸೆಗಳೂ ಉಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್ ಎಂಬ ಆರು ಶಾಖೆಗಳು, ಗೊತ್ತಾದ ಪಾಠಗಳನ್ನು ಗೊತ್ತಾದ ಶ್ರೇಣಿಯಲ್ಲಿ ಮುಗಿಸಿದವರಿಗೆ ಪ್ರವೇಶದ ಖಾತರಿಯನ್ನು ಬರೆದುಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೋ ಶಾಖೆಗಳಲ್ಲಿ ಆ ಪದ್ಧತಿಯಿಲ್ಲ. 2010ರ ಶಾಸನವೊಂದರಿಂದ ಹುಟ್ಟಿದ 60 ಯೂನಿಟುಗಳ ವಿಶೇಷ ಪದವಿಯನ್ನು ಪಡೆದವರಿಗೆ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಸ್ಥಳ ನಿಶ್ಚಿತ, ಬಯಸಿದ ಊರಿನಲ್ಲಿಯೇ ಎಂಬ ಮಾತು ಮಾತ್ರ ಇಲ್ಲ.

ಇಷ್ಟೆಲ್ಲ ಸೌಕರ್ಯಗಳಿದ್ದರೂ, 2017ರಿಂದ 2019ರವರೆಗೆ ಟ್ರಾನ್ಸ್‌ಫರಿನ ಆಸೆಯಿಟ್ಟುಕೊಂಡು ಸೇರಿದವರಲ್ಲಿ ಹೆಚ್ಚು ಕಡಿಮೆ ಐವರಲ್ಲಿ ಒಬ್ಬರು ಮಾತ್ರ ನಾಲ್ಕು ವರ್ಷಗಳೊಳಗೆ ಆಚೆಯ ದಡವನ್ನು ಮುಟ್ಟಿದರೆಂದು ಸಂಸ್ಥಾನದ ಲೆಕ್ಕಪರಿಶೋಧಕರು 2024ರಲ್ಲಿ ವರದಿ ಮಾಡಿದರು. ಇದಕ್ಕೆ ಬಡತನ, ಹೊಟ್ಟೆಪಾಡಿನ ಕೆಲಸ, ಮನೆವಾರ್ತೆ ಮೊದಲಾದ ಕಾರಣಗಳು ಬಹಳ. ಪಾಠದ ಯೋಜನೆಯ ಜಟಿಲತೆಯೂ ಅವುಗಳಲ್ಲೊಂದು. ತಂದೆತಾಯಿಗಳಿಬ್ಬರೂ ಓದಿದವರಾದ ಮನೆಯಲ್ಲಿ ಊಟದ ಹೊತ್ತಿನ ಮಾತಿನಲ್ಲಿಯೇ ಈ ಹಾಳೆ ಅರ್ಧ ಸಿದ್ಧವಾಗುತ್ತದೆ. ಹಗಲೆಲ್ಲ ಅಂಗಡಿಯಲ್ಲಿ ದುಡಿದು ಸಂಜೆಯ ತರಗತಿಗೆ ಬರುವವನಿಗೆ, ತನ್ನ ವಂಶದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವನಿಗೆ, ಯಾವ ಪ್ರಶ್ನೆಯನ್ನು ಕೇಳಬೇಕೆಂಬುದೇ ತಿಳಿದಿರುವುದಿಲ್ಲ. 1960ರ ಯೋಜನೆ ಬಾಗಿಲನ್ನು ತೆರೆದಿಟ್ಟುದು ಯಾರಿಗಾಗಿಯೋ ಅವರೇ ಹೀಗೆ ಒಳಗೆ ಬಂದು ದಾರಿ ತಪ್ಪುವುದಾದರೆ, ತೆರೆದ ಬಾಗಿಲಿನಷ್ಟೇ ಆವಶ್ಯಕವಾದುದು ಒಳಗೆ ಮೇಜಿನ ಹಿಂದೆ ಕುಳಿತ ಒಬ್ಬ ತಿಳಿದ ಮನುಷ್ಯನೆಂದು ಹೇಳಬೇಕಾಗುತ್ತದೆ. ಮುಗಿಸಿದ ಪಾಠಗಳ ಕ್ರೆಡಿಟುಗಳನ್ನು ಒಂದೆಡೆ ಜಮೆಮಾಡಿ ಇನ್ನೊಂದೆಡೆ ಬಳಸುವ ಕ್ರೆಡಿಟ್ ಬ್ಯಾಂಕಿನ ಏರ್ಪಾಡು ನಮ್ಮ ದೇಶದಲ್ಲಿಯೂ 2021ರಿಂದ ತೊಡಗಿರುವುದರಿಂದ, ಈ ಮಾತನ್ನು ನಾವೂ ಗಮನದಲ್ಲಿಡುವುದು ಒಳ್ಳೆಯದು.

ಆ ಮೇಜಿನ ಮೇಲಿನ ಹಾಳೆಯನ್ನು ಪೆನ್ಸಿಲಿನಿಂದ ಬರೆಯುವುದೇ ಮೇಲು. ಬಯಸಿದ ಪಾಠದಲ್ಲಿ ಸ್ಥಳ ತುಂಬಿಹೋಗಬಹುದು, ವರ್ಷಕ್ಕೊಮ್ಮೆ ಮಾತ್ರ ನಡೆಯುವ ಪಾಠವು ಕೆಲಸದ ಹೊತ್ತಿಗೆ ಅಡ್ಡ ಬರಬಹುದು, ಎಂಜಿನಿಯರಿಂಗ್ ಬೇಡವೆಂದು ಮನಸ್ಸೇ ತಿರುಗಬಹುದು; ಪ್ರತಿ ಸೆಮಿಸ್ಟರಿನ ಕೊನೆಗೂ ಅಳಿಸಿ ತಿದ್ದುವ ಕೆಲಸವಿದ್ದೇ ಇರುತ್ತದೆ. ಆದರೆ ಮೊದಲ ದಿನದ ಮಟ್ಟಿಗೆ, ನಾಲ್ಕನೆಯ ಅಂಕಣದಿಂದ ಹೊರಟ ಪೆನ್ಸಿಲು ಮೂರನೆಯದನ್ನೂ ಎರಡನೆಯದನ್ನೂ ತುಂಬಿಕೊಂಡು ಬಂದು, ಕಟ್ಟಕಡೆಗೆ ಮೊದಲನೆಯ ಅಂಕಣದಲ್ಲಿ ‘ಕ್ಯಾಲ್ಕ್ಯುಲಸ್, ಇಂಗ್ಲಿಷ್ ಪ್ರಬಂಧ’ ಎಂದು ಬರೆದು ನಿಂತಾಗ, ಎದುರಿಗೆ ಕುಳಿತ ಹುಡುಗಿಗೆ ನಾಳೆ ಬೆಳಗ್ಗೆ ತಾನು ಯಾವ ತರಗತಿಗೆ ಹೆಸರು ಬರೆಸಬೇಕೆಂಬುದು ತಿಳಿದಿರುತ್ತದೆ.