ಐದು ಲಕ್ಷ ಕಣ್ಣು, ಒಂದು ತೂತು

ಮಕ್ಕಳೇ, ಮೊದಲು ಒಂದು ಲೆಕ್ಕ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸೊಳ್ಳೆ ಜಾಲರಿಯಲ್ಲಿ ಅಂಗುಲಕ್ಕೆ ಒಂದು ದಿಕ್ಕಿನಲ್ಲಿ 18, ಇನ್ನೊಂದು ದಿಕ್ಕಿನಲ್ಲಿ 16 ಕಣ್ಣುಗಳಿರುತ್ತವೆ. ಅಂದರೆ ಚದರ ಅಂಗುಲಕ್ಕೆ 288. ನಮ್ಮ ಮನೆಯ ವರಾಂಡದ ಜಾಲರಿ ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರ. ಒಟ್ಟು ಕಣ್ಣು ಎಷ್ಟು? ಗುಣಿಸಿ ನೋಡಿ. ಉತ್ತರ 4,97,664. ಹೆಚ್ಚು ಕಡಿಮೆ ಐದು ಲಕ್ಷ!

ಈ ಐದು ಲಕ್ಷ ಕಣ್ಣುಗಳಲ್ಲಿ ಒಂದರಿಂದಲೂ ಸೊಳ್ಳೆ ನುಸುಳಲಾರದು. ಆದರೆ ಮೂಲೆಯಲ್ಲಿ ಬೆರಳಗಲ ಹರಿದಿದ್ದರೆ ಅಷ್ಟೇ ಸಾಕು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನೂರಾರು ನಮೂದು ಸರಿಯಿದ್ದು ಒಂದು ಮಾತ್ರ ತಪ್ಪಿದರೂ ಆ ದಿನದ ಲೆಕ್ಕ ತಾಳೆಯಾಗುತ್ತಿರಲಿಲ್ಲ, ಮನೆಗೆ ಹೊರಡುವಂತಿರಲಿಲ್ಲ. ಸೊಳ್ಳೆ ಜಾಲರಿಯದೂ ಅದೇ ನಿಯಮ.

ಹೋದ ಮಳೆಗಾಲದಲ್ಲಿ ನನ್ನ ಮೊಮ್ಮಗಳಿಗೆ ಡೆಂಗಿ ಬಂದಿತ್ತು. ಆರು ದಿನ ಆಸ್ಪತ್ರೆಯಲ್ಲಿದ್ದಳು. ಪ್ರತಿದಿನ ಬೆಳಿಗ್ಗೆ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುವಾಗ ನನ್ನ ಕೈ ನಡುಗುತ್ತಿತ್ತು. ಈ ವರ್ಷ ಮಳೆಗೆ ಮುಂಚೆ ಬೆಕ್ಕೊಂದು ವರಾಂಡದ ಜಾಲರಿಯನ್ನು ಪರಚಿ ಹರಿದು ಹಾಕಿತು. ಮೊಮ್ಮಗಳು ಶಾಲೆಯಿಂದ ಬಂದು ಹೋಂವರ್ಕ್ ಮಾಡುವುದು ಅಲ್ಲೇ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮುನ್ನ. ಕೆಲಸದವರನ್ನು ಕರೆದರೆ, “ಒಂದು ಕಿಟಕಿಗೋಸ್ಕರ ಬರೋಕಾಗಲ್ಲ ಸಾರ್, ನಾಲ್ಕೈದು ಇದ್ರೆ ಹೇಳಿ” ಎಂದರು. “ನಾವೇ ಹಾಕೋಣ ತಾತ” ಎಂದಳು ಮೊಮ್ಮಗಳು. ಒಂದು ಭಾನುವಾರ ಇಬ್ಬರೂ ಕೂತು ಹಾಕಿದೆವು. ನೀವೂ ಹಾಕಬಹುದು.

ಬೇಕಾದ ಸಾಮಾನು

ಫೈಬರ್ ಜಾಲರಿ, ರಬ್ಬರ್ ಬೀಡಿಂಗ್, ಸ್ಕ್ರೂಡ್ರೈವರ್, ಕತ್ತರಿ, ಬ್ಲೇಡು, ಹಳೆಯ ಹಲ್ಲುಜ್ಜುವ ಬ್ರಷ್ಷು, ಬೀಡಿಂಗ್ ಒತ್ತಲು ಚಿಕ್ಕ ಚಕ್ರವಿರುವ ಹಿಡಿಕೆ. ಬೀಡಿಂಗಿನಲ್ಲಿ ಬೇರೆ ಬೇರೆ ದಪ್ಪಗಳಿವೆ. ಆದ್ದರಿಂದ ಹಳೆಯದರ ಒಂದು ತುಂಡನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ಕೇಳಿ. ತೆಳುವಾದರೆ ಕಳಚಿಕೊಳ್ಳುತ್ತದೆ, ದಪ್ಪವಾದರೆ ಗಾಡಿಯೊಳಗೆ ಇಳಿಯುವುದಿಲ್ಲ. ಗಾಡಿ ಎಂದರೆ ಅಲ್ಯೂಮಿನಿಯಂ ಚೌಕಟ್ಟಿನ ಸುತ್ತ ಇರುವ ಸಣ್ಣ ಕಾಲುವೆ. ಜಾಲರಿಯನ್ನು ಚೌಕಟ್ಟಿನ ಅಳತೆಗಿಂತ ಎಲ್ಲ ಕಡೆ ಎರಡೆರಡು ಅಂಗುಲ ಹೆಚ್ಚಾಗಿ ತನ್ನಿ.

ಮಾಡುವ ಬಗೆ

ಸ್ಕ್ರೂ ಬಿಚ್ಚಿ ಚೌಕಟ್ಟನ್ನು ಇಳಿಸಿ, ಸಮನಾದ ನೆಲದ ಮೇಲೆ ಮಲಗಿಸಿ. ಹಳೆಯ ಬೀಡಿಂಗನ್ನು ಒಂದು ಮೂಲೆಯಲ್ಲಿ ಎಬ್ಬಿಸಿದರೆ ಉಳಿದದ್ದು ದಾರದಂತೆ ಎಳೆದು ಬರುತ್ತದೆ. ಗಾಡಿಯಲ್ಲಿ ಸೇರಿಕೊಂಡ ಧೂಳನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಧೂಳು ಉಳಿದರೆ ಬೀಡಿಂಗ್ ಕೂರುವುದಿಲ್ಲ.

ಹೊಸ ಜಾಲರಿಯನ್ನು ಹಾಸಿ, ಅದರ ಎಳೆಗಳು ಚೌಕಟ್ಟಿಗೆ ನೇರವಾಗಿರುವಂತೆ ನೋಡಿಕೊಳ್ಳಿ. ಇಲ್ಲಿ ನಾಲ್ಕು ಕೈ ಬೇಕು. ಒಬ್ಬರು ಜಾಲರಿ ಹಿಡಿಯಬೇಕು, ಇನ್ನೊಬ್ಬರು ಒಂದು ಮೂಲೆಯಿಂದ ಹೊರಟು ಬೀಡಿಂಗನ್ನು ಚಕ್ರದಿಂದ ಒತ್ತುತ್ತಾ ಹೋಗಬೇಕು. ಒಂದು ಬದಿ ಮುಗಿದ ಮೇಲೆ ಪಕ್ಕದ ಬದಿ, ಹೀಗೆ ಸುತ್ತ ನಾಲ್ಕೂ ಬದಿ. ಜಾಲರಿಯನ್ನು ಜೋರಾಗಿ ಎಳೆಯಬೇಡಿ. ರಬ್ಬರ್ ಒಳಗಿಳಿಯುವಾಗ ತಾನೇ ಬಿಗಿ ಮಾಡುತ್ತದೆ. ವಿಪರೀತ ಎಳೆದರೆ ಚೌಕಟ್ಟೇ ಬಿಲ್ಲಿನಂತೆ ಒಳಕ್ಕೆ ಬಾಗುತ್ತದೆ. ಸುಕ್ಕು ಬಂದರೆ ಅಷ್ಟು ದೂರದ ಬೀಡಿಂಗ್ ಕಿತ್ತು ಮತ್ತೆ ಒತ್ತಬಹುದು.

ಕೊನೆಗೆ ಹೆಚ್ಚಾದ ಜಾಲರಿಯನ್ನು ಬೀಡಿಂಗಿನ ಹೊರ ಅಂಚಿನಲ್ಲಿ ಬ್ಲೇಡಿನಿಂದ ಕತ್ತರಿಸಬೇಕು. ಈ ಕೆಲಸ ದೊಡ್ಡವರದು. ಫೈಬರ್ ಜಾಲರಿಯೊಳಗೆ ಗಾಜಿನ ಎಳೆಗಳಿರುತ್ತವೆ, ಕತ್ತರಿಸಿದ ಅಂಚು ತಗುಲಿದರೆ ಚರ್ಮ ತುರಿಸುತ್ತದೆ. ಕೆಲಸವಾದ ಮೇಲೆ ನೆಲ ಗುಡಿಸಿ, ಕೈ ತೊಳೆದುಕೊಳ್ಳಿ.

ತೂತು ಬೆರಳ ತುದಿಯಷ್ಟೇ ಇದ್ದರೆ ಇಷ್ಟೆಲ್ಲ ಬೇಡ. ಹಳೆಯ ಜಾಲರಿಯ ಚೂರನ್ನು ಮೇಲಿಟ್ಟು ನೈಲಾನ್ ದಾರದಿಂದ ಸುತ್ತ ಹೊಲಿದರೆ ಸಾಕು. ನಮ್ಮ ಮನೆಯಲ್ಲಿ ತೇಪೆ ಹಾಕುವುದರಲ್ಲಿ ಅಜ್ಜಿಯದೇ ಎತ್ತಿದ ಕೈ.

ಜಾಲರಿಯೊಂದೇ ಸಾಲದು

1883ರಲ್ಲಿ ಸೇನಾ ವೈದ್ಯರಾಗಿ ಬೆಂಗಳೂರಿನಲ್ಲಿದ್ದ ರೊನಾಲ್ಡ್ ರಾಸ್ ಅವರಿಗೆ ಬಂಗಲೆಯಲ್ಲಿ ವಿಪರೀತ ಸೊಳ್ಳೆ ಕಾಟ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವು ಹುಟ್ಟುತ್ತಿರುವುದನ್ನು ಕಂಡು, ನೀರು ಚೆಲ್ಲಿಸಿದರು. ಕಾಟ ತಗ್ಗಿತು. ಇದೇ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡುಹಿಡಿದರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆಗಸ್ಟ್ 20 ಈಗ ವಿಶ್ವ ಸೊಳ್ಳೆ ದಿನ.

ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲವನ್ನೂ ಖಾಲಿ ಮಾಡಿ ಉಜ್ಜುತ್ತೇವೆ. ಆ ಪಟ್ಟಿ ಬರೆದಿಟ್ಟು ಟಿಕ್ ಹಾಕುವುದು ಮೊಮ್ಮಗಳ ಜವಾಬ್ದಾರಿ.

ಅಜ್ಜ ಅಜ್ಜಿಯರೇ, ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಮನೆಯ ಕಿಟಕಿಗಳನ್ನೆಲ್ಲ ಒಂದು ಸುತ್ತು ನೋಡಿ. ಹಗಲಲ್ಲಿ ಕೋಣೆಯ ದೀಪ ಆರಿಸಿ ಒಳಗೆ ನಿಂತರೆ ಸಂದುಗಳಲ್ಲಿ ಬೆಳಕು ಕಾಣುತ್ತದೆ. ಕನ್ನಡಕ ಹಾಕಿದರೂ ನಮಗೆ ಕಾಣದ ತೂತು ಮಕ್ಕಳಿಗೆ ಥಟ್ಟನೆ ಕಾಣುತ್ತದೆ. ಸಿಕ್ಕಿದ್ದನ್ನು ಅಂದೇ ಮುಚ್ಚಿಬಿಡಿ.