ಪಂದ್ಯದ ನಡುವೆ ಗಾಳಿ ಬಿದ್ದುಹೋದರೆ ಹಾಯಿದೋಣಿಗಳು ಏನು ಮಾಡುತ್ತವೆ?

ಕಾಯುತ್ತವೆ, ಎಂಜಿನ್ ಹಾಕಿ ಮುಂದೆ ಸಾಗುವಂತಿಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ಬೋಲ್ ದೋರ್ ಪಂದ್ಯ ಇದಕ್ಕೆ ಒಳ್ಳೆಯ ಉದಾಹರಣೆ. 1939ರಲ್ಲಿ ಶುರುವಾದ ಈ ಪಂದ್ಯ ಜೂನ್ ತಿಂಗಳ ವಾರಾಂತ್ಯದಲ್ಲಿ ನಡೆಯುತ್ತದೆ. ಶನಿವಾರ ಬೆಳಿಗ್ಗೆ ಜಿನೀವಾದಿಂದ ಹೊರಟ ನೂರಾರು ದೋಣಿಗಳು ಸರೋವರದ ಆಚೆ ತುದಿಯನ್ನು ಮುಟ್ಟಿ ಮರಳಬೇಕು. ಒಟ್ಟು ಸುಮಾರು 123 ಕಿ.ಮೀ. 1994ರಲ್ಲಿ ಒಂದು ದೋಣಿ ಸುಮಾರು ಐದೇ ತಾಸಿನಲ್ಲಿ ಮುಗಿಸಿತು. ಗಾಳಿ ಸಿಗದವರಿಗೆ ದಡ ಸೇರುವಾಗ ಭಾನುವಾರ.

ಸಮಯದ ಈ ಅಂತರಕ್ಕೆ ಸುತ್ತಲಿನ ಬೆಟ್ಟಗಳೂ ಒಂದು ಕಾರಣ. ಒಂದು ಕಡೆ ಆಲ್ಪ್ಸ್, ಇನ್ನೊಂದು ಕಡೆ ಜುರಾ. ಹಗಲು ಬೆಟ್ಟದ ಬದಿಯ ನೆಲ ಕಾದಾಗ ಗಾಳಿ ನೀರಿನಿಂದ ದಡದತ್ತ, ರಾತ್ರಿ ನೆಲ ತಣಿದಾಗ ದಡದಿಂದ ನೀರಿನತ್ತ ಬೀಸುತ್ತದೆ. ಇವೆರಡರ ನಡುವೆ ಎಲ್ಲವೂ ಸ್ತಬ್ಧ. ಆಗ ನುರಿತವರು ಹಾಯಿಗಿಂತ ನೀರನ್ನೇ ಹೆಚ್ಚು ನೋಡುತ್ತಾರೆ: ಗಾಳಿ ತಗುಲಿದ ಕಡೆ ನೀರಿನ ಮೈ ಸುಕ್ಕುಗಟ್ಟಿ ಕಪ್ಪಾಗುತ್ತದೆ. ಆ ಪಟ್ಟಿಯನ್ನು ಮೊದಲು ಮುಟ್ಟಿದ ದೋಣಿ, ಐವತ್ತು ಮೀಟರ್ ದೂರದಲ್ಲಿ ನಿಂತೇ ಇರುವ ದೋಣಿಯನ್ನು ಬಿಟ್ಟು ಸರಸರನೆ ಹೋಗಿಬಿಡುತ್ತದೆ. ಇದರಲ್ಲಿ ಅದೃಷ್ಟದ ಪಾಲೂ ಕಡಿಮೆಯೇನಲ್ಲ.

ಗಾಳಿ ಇಲ್ಲದಿರುವುದಕ್ಕಿಂತ ಅತಿಯಾಗುವುದು ಹೆಚ್ಚು ಅಪಾಯ. ದಡದ ಎಚ್ಚರಿಕೆ ದೀಪ ನಿಮಿಷಕ್ಕೆ ಸುಮಾರು 40 ಸಲ ಮಿನುಗಿದರೆ ಜೋರುಗಾಳಿಯ ಸಾಧ್ಯತೆ. 90 ಸಲವಾದರೆ ಬಿರುಗಾಳಿ ಹತ್ತಿರದಲ್ಲೇ ಇದೆ. 2019ರ ಪಂದ್ಯದ ದಿನ ಗಂಟೆಗೆ 100 ಕಿ.ಮೀ. ಮೀರಿದ ಗಾಳಿ ಎರಗಿ, ಹಲವು ದೋಣಿಗಳು ಮಗುಚಿದವು. ಅಂಥ ಹೊತ್ತಿನಲ್ಲಿ ಹಾಯಿ ಇಳಿಸಿ ಬಂದರು ಸೇರುವುದೇ ಜಾಣತನ.